ಪಾರ್ಥೇನಿಯಂ ಮತ್ತು ವಿದೇಶಿ ಸಸ್ಯಗಳ ನಿರ್ಬಂಧ

ಪಾರ್ಥೇನಿಯಂ ಅಮೆರಿಕ ಖಂಡದ ಉಷ್ಣವಲಯದಿಂದ ಬಂದು ಭಾರತದಲ್ಲಿ ಬೇರೂರಿದ, ಸೂರ್ಯಕಾಂತಿ ಕುಟುಂಬದ ಕಳೆ. ಬದು, ರಸ್ತೆಬದಿ, ಖಾಲಿ ನಿವೇಶನಗಳಲ್ಲಿ ದಟ್ಟವಾಗಿ ಬೆಳೆಯುವ ಇದನ್ನು ಜನ ಕಾಂಗ್ರೆಸ್ ಗಿಡ ಎನ್ನುತ್ತಾರೆ. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಬರಿಗೈಯಲ್ಲಿ ಕಿತ್ತವರಿಗೆ ತುರಿಕೆ, ಚರ್ಮರೋಗ. ಪರಾಗದಿಂದ ಕೆಲವರಿಗೆ ಉಬ್ಬಸ.

ಇದು 1950ರ ದಶಕದಲ್ಲಿ ಪುಣೆಯಲ್ಲಿ ಸಸ್ಯವಿಜ್ಞಾನಿಗಳ ಕಣ್ಣಿಗೆ ಬಿತ್ತು. ಅಮೆರಿಕದ ಗೋಧಿಯ ಜೊತೆ ಬಂತೆಂಬ ಮಾತು ಜನಜನಿತವಾದರೂ 19ನೆಯ ಶತಮಾನದ ದಾಖಲೆಗಳಲ್ಲೇ ಈ ಗಿಡದ ಹೆಸರಿದೆ. ಆಮದು ಸಸ್ಯಗಳ ಮೇಲೆ ಕಣ್ಣಿಡಲು 1914ರ ಕಾಯಿದೆ ಇತ್ತು; ಆದರೆ ಅದರ ಮುಖ್ಯ ಚಿಂತೆ ಬೆಳೆಗೆ ಬೀಳುವ ಕೀಟ, ಶಿಲೀಂಧ್ರಗಳದು.

ಕರ್ನಾಟಕ 1975ರಲ್ಲಿ ಪಾರ್ಥೇನಿಯಂ ಅನ್ನು ಪೀಡೆಕಳೆಯೆಂದು ಘೋಷಿಸಿತು. ಅಷ್ಟರಲ್ಲಿ ಕಳೆ ಊರೂರಿಗೆ ಹಬ್ಬಿತ್ತು. ರೈತ ತನ್ನ ಹೊಲ ಹಸನು ಮಾಡಿದರೂ ಪಕ್ಕದ ರಸ್ತೆಯಿಂದ ಬೀಜ ಮತ್ತೆ ಬರುತ್ತಿದ್ದುದರಿಂದ ಆದೇಶ ಕಾಗದದಲ್ಲೇ ಉಳಿಯಿತು.

ಮುಂದಿನ ಉಪಾಯವೇ ದೊಡ್ಡ ವಿವಾದವಾಯಿತು. 1983ರಲ್ಲಿ ಮೆಕ್ಸಿಕೊದಿಂದ ಬೆಂಗಳೂರಿಗೆ ಈ ಕಳೆಯನ್ನು ಮೇಯುವ ಒಂದು ದುಂಬಿಯನ್ನು ತಂದು, ಪರೀಕ್ಷಿಸಿ, ಮರುವರ್ಷ ಬಯಲಿಗೆ ಬಿಡಲಾಯಿತು. ಬಿಳಿಚು ರೆಕ್ಕೆಯ ಮೇಲೆ ಕಂದು ಗೆರೆಗಳಿರುವ ಪುಟ್ಟ ಕೀಟ ಅದು. ಮರಿಹುಳುಗಳು ಗಿಡದ ಎಳೆ ಕುಡಿಯನ್ನೇ ಮೊದಲು ಮೇಯುತ್ತವೆ. ಒಣಗಾಲದಲ್ಲಿ ದುಂಬಿಗಳು ಮಣ್ಣಿನೊಳಗೆ ಮಲಗಿ ಮಳೆ ಬಿದ್ದೊಡನೆ ಮೇಲೇಳುತ್ತವೆ. ಕೆಲವು ವರ್ಷಗಳಲ್ಲಿ ದುಂಬಿ ಸೂರ್ಯಕಾಂತಿ ಎಲೆಗಳ ಮೇಲೂ ಕಂಡಿತು. ರೈತರು ಹೆದರಿದ್ದು ಸಹಜವೇ. ಕೇಂದ್ರ ಸರ್ಕಾರ ಹಂಚಿಕೆ ತಡೆದು ತನಿಖಾ ಸಮಿತಿ ನೇಮಿಸಿತು. ಪಾರ್ಥೇನಿಯಂ ಪರಾಗ ಬಿದ್ದ ಎಲೆಗಳನ್ನು ದುಂಬಿ ಕಡಿಯುತ್ತದೆ, ಬೆಳೆಗೆ ದೊಡ್ಡ ಅಪಾಯವಿಲ್ಲ ಎಂಬುದು ಕೊನೆಗೆ ಇತ್ಯರ್ಥವಾಯಿತು.

ಪಾರ್ಥೇನಿಯಂ ಇಷ್ಟು ಕಾಡಿತೆಂದು ಹೊರಗಿನ ಸಸ್ಯಗಳನ್ನೆಲ್ಲ ತಡೆಯಬೇಕೆಂಬ ವಾದ ಸರಿಯಾಗದು. ಮೆಣಸಿನಕಾಯಿ, ನೆಲಗಡಲೆ, ಮೆಕ್ಕೆಜೋಳ, ಸ್ವತಃ ಸೂರ್ಯಕಾಂತಿಯೂ ಅಮೆರಿಕ ಖಂಡದಿಂದಲೇ ಬಂದವು. ಹಾಗೆಂದು ಬಾಗಿಲು ತೆರೆದಿಟ್ಟರೆ ದಂಡ ತೆರುವವನು ತಂದವನಲ್ಲ, ಹೊಲದವನು. ಆದ್ದರಿಂದ ಅಪಾಯವಿಲ್ಲವೆಂದು ತೋರಿಸುವ ಹೊಣೆ ತರುವವರ ಮೇಲಿರಬೇಕೆಂಬ ನಿಲುವೇ ನ್ಯಾಯವಾದದ್ದು. ಆಸ್ಟ್ರೇಲಿಯಾ 1997ರಿಂದ ಹೊಸ ಸಸ್ಯಗಳನ್ನು ಕಳೆಯಾಗುವ ಸಾಧ್ಯತೆಗಾಗಿ ಮೊದಲೇ ಅಳೆದು ನೋಡುತ್ತಿದೆ. ಭಾರತದ 2003ರ ಸಸ್ಯ ಆಮದು ಆದೇಶವೂ ಪಟ್ಟಿಯಲ್ಲಿಲ್ಲದ ಸಸ್ಯಸಾಮಗ್ರಿಗೆ ಅಪಾಯ ವಿಶ್ಲೇಷಣೆಯನ್ನು ಕಡ್ಡಾಯ ಮಾಡಿತು. ಆದರೆ ಅದು ಕಾಯುವುದು ಬಂದರು, ವಿಮಾನ ನಿಲ್ದಾಣಗಳನ್ನು. ಅಲಂಕಾರಕ್ಕೆಂದು ಹಿಂದೆಯೇ ಬಂದು ಇಂದು ಬಂಡೀಪುರದಲ್ಲಿ ಹರಡುತ್ತಿರುವ ಲಂಟಾನ, ಹಳದಿ ಹೂವಿನ ಸೆನ್ನಾ ಮರಗಳು ಅದರ ವ್ಯಾಪ್ತಿಯ ಹೊರಗಿವೆ.