ಹರಿದಾಸರ ಕೀರ್ತನೆಗಳಲ್ಲಿ ಪದವಿಭಾಗ ಮತ್ತು ಲೇಖನಚಿಹ್ನೆ

ಹರಿದಾಸರ ಕೀರ್ತನೆಗಳ ಸಾಲನ್ನು ಎಲ್ಲಿ ಬಿಡಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಅವುಗಳ ಅರ್ಥನಿರ್ಣಯದಲ್ಲಿ ಮುಖ್ಯವಾದ ಪ್ರಶ್ನೆಯಾಗಿದೆ. ಈ ಹಾಡುಗಳು ಬಹುಕಾಲ ಬಾಯಿಂದ ಬಾಯಿಗೆ ಹರಿದುಬಂದವು. ಓಲೆಗರಿಗಳಲ್ಲಿ ಪದಗಳ ನಡುವೆ ತೆರಪು ಬಿಡುವ ರೂಢಿ ಇರಲಿಲ್ಲ. ಅಲ್ಪವಿರಾಮ, ಪ್ರಶ್ನಾರ್ಥಕ ಮೊದಲಾದ ಚಿಹ್ನೆಗಳು ಬಂದದ್ದು ಮುದ್ರಣದೊಡನೆ. ದಾಸರ ಪದಗಳನ್ನು ಮೊದಮೊದಲು ಅಚ್ಚಿಗೆ ತಂದವರಲ್ಲಿ 19ನೆಯ ಶತಮಾನದ ಮಧ್ಯಭಾಗದಲ್ಲಿ ಮಂಗಳೂರಿನಲ್ಲಿದ್ದ ಹರ್ಮನ್ ಮೋಗ್ಲಿಂಗ್ ಪ್ರಮುಖರು. ಇಂದಿನ ಪುಸ್ತಕಗಳಲ್ಲಿ ಕಾಣುವ ಚಿಹ್ನೆಗಳು ಕವಿ ಇಟ್ಟವಲ್ಲ, ಸಂಪಾದಕರು ಇಟ್ಟವು. ವಿದ್ಯಾರ್ಥಿಗಳು ಭಾವಾರ್ಥ ಬರೆಯುವಾಗ ಇದನ್ನು ಗಮನಿಸುವುದು ಅಗತ್ಯ.

ಶ್ಲೇಷ

ಪುರಂದರದಾಸರ ‘ರಾಗಿ ತಂದೀರಾ’ ಕೀರ್ತನೆ ಇದಕ್ಕೆ ಪ್ರಸಿದ್ಧ ನಿದರ್ಶನ. ಮೇಲ್ನೋಟಕ್ಕೆ ಅದು ಭಿಕ್ಷೆಗೆ ರಾಗಿ ಬೇಡುವ ಹಾಡು. ಒಳಗೆ ಸನ್ನಡತೆಯ ಉಪದೇಶ. ವಿವರಣೆಗಾಗಿ ‘ಉತ್ತಮರಾಗಿ’ ಎಂಬ ಪದವನ್ನು ತೆಗೆದುಕೊಳ್ಳಬಹುದು. ‘ಉತ್ತಮರು + ಆಗಿ’ ಎಂದು ಬಿಡಿಸಿದರೆ ಅದು ಒಳ್ಳೆಯವರಾಗಿರಿ ಎಂಬ ಬೋಧೆ. ‘ಉತ್ತಮ + ರಾಗಿ’ ಎಂದರೆ ಒಳ್ಳೆಯ ಧಾನ್ಯ. ಹೀಗೆ ಪದವನ್ನು ಒಡೆಯುವುದರಿಂದ ಎರಡನೆಯ ಅರ್ಥ ಹುಟ್ಟಿದರೆ ಅಲಂಕಾರಶಾಸ್ತ್ರದಲ್ಲಿ ಅದನ್ನು ಸಭಂಗ ಶ್ಲೇಷವೆನ್ನುತ್ತಾರೆ. ಕಿವಿಗೆ ಎರಡೂ ಒಟ್ಟಿಗೆ ಕೇಳಿಸುತ್ತವೆ. ಅಚ್ಚಿನಲ್ಲಿ ನಡುವೆ ತೆರಪು ಬಿಟ್ಟರೆ ಧಾನ್ಯವಷ್ಟೇ ಉಳಿದು ಉಪದೇಶ ಮರೆಯಾಗುತ್ತದೆ. ಕೂಡಿಸಿಯೇ ಮುದ್ರಿಸಿ ಅಡಿಟಿಪ್ಪಣಿ ಕೊಡುವುದು ಮೇಲು.

ಏಕಾರದ ಗೊಂದಲ

ಕನ್ನಡದಲ್ಲಿ ‘ಏ’ ಎಂಬುದು ಸಂಬೋಧನೆ, ಅವಧಾರಣೆ, ಪ್ರಶ್ನೆ ಈ ಮೂರಕ್ಕೂ ಬರುತ್ತದೆ. ‘ಕೃಷ್ಣನೇ, ಕಾಯು’ ಎಂಬಲ್ಲಿ ಕ್ರಿಯಾಪದವೇ ಸಂಬೋಧನೆಯನ್ನು ತಿಳಿಸುತ್ತದೆ. ಆದರೆ ‘ಕಾಯುವವನು ಕೃಷ್ಣನೇ’ ಎಂಬ ವಾಕ್ಯಕ್ಕೆ ಪೂರ್ಣವಿರಾಮವಿಟ್ಟರೆ ದೃಢವಾದ ನಂಬಿಕೆ, ಪ್ರಶ್ನಾರ್ಥಕವಿಟ್ಟರೆ ಸಂಶಯ. ಒಂದು ಚಿಹ್ನೆಯಿಂದ ಭಕ್ತನ ಮನಃಸ್ಥಿತಿಯೇ ಬದಲಾಗಿಬಿಡುತ್ತದೆ! ಮಾತಿನಲ್ಲಿ ಧ್ವನಿಯ ಏರಿಳಿತ ಇದನ್ನು ಬಿಡಿಸಿಕೊಡುತ್ತದೆ. ಹಾಡಿನಲ್ಲಿ ಆ ಏರಿಳಿತ ರಾಗಕ್ಕೆ ಸೇರಿದ್ದು. ತಾಳಕ್ಕಾಗಿ ಹ್ರಸ್ವಸ್ವರಗಳನ್ನೂ ಎಳೆದು ಹಾಡುವುದರಿಂದ ‘ಬಂದೆಯ’ ಮತ್ತು ‘ಬಂದೆಯಾ’ಗಳ ಭೇದವೂ ಅಳಿಯುತ್ತದೆ. ಇಂಥಲ್ಲಿ ಒಂದೇ ಸಾಲನ್ನು ನೆಚ್ಚದೆ ಪಲ್ಲವಿಯಿಂದ ಕೊನೆಯ ಚರಣದವರೆಗೆ ಓದಿ ನಿರ್ಧರಿಸಬೇಕು. ಪದ ಎಲ್ಲಿ ಆರಂಭವಾಗುತ್ತದೆಂಬುದಕ್ಕೆ ಕೆಲವೊಮ್ಮೆ ಆದಿಪ್ರಾಸವೂ ನೆರವಾಗುತ್ತದೆ.

ಅಂಕಿತ

ಎಲ್ಲ ಸಂದಿಗ್ಧತೆಯೂ ಅರ್ಥವನ್ನು ಕೆಡಿಸುವುದಿಲ್ಲ. ಕನಕದಾಸರ ಅಂಕಿತವಾದ ‘ಕಾಗಿನೆಲೆಯಾದಿಕೇಶವ’ವನ್ನು ‘ಕಾಗಿನೆಲೆ + ಆದಿಕೇಶವ’ ಎಂದು ಬಿಡಿಸಿದರೆ ಯಕಾರಾಗಮ ಸಂಧಿ, ‘ಕಾಗಿನೆಲೆಯ + ಆದಿಕೇಶವ’ ಎಂದರೆ ಲೋಪಸಂಧಿ. ವ್ಯಾಕರಣ ಬೇರೆಯಾದರೂ ದೇವರು ಒಬ್ಬನೇ.