ಫಾರ್ಮಲಿನ್ನೂ ಅಳತೆಗೋಲೂ

ಉಪ್ಪಿನಲ್ಲಿಟ್ಟ ಮಾವಿನ ಹೋಳು ಮರುದಿನ ಮುದುಡಿರುವುದನ್ನು ಬಲ್ಲ ಗೃಹಿಣಿಯರಿಗೆ ನಾನು ಇಂದು ಹೇಳಹೊರಟಿರುವ ವಿಷಯವು ಅಷ್ಟೇನೂ ಅಪರಿಚಿತವಾಗಿ ತೋರದು.

ಶಸ್ತ್ರವೈದ್ಯರು ಕತ್ತರಿಸಿ ತೆಗೆದ ಗಡ್ಡೆಗಳನ್ನು ಹಿಂದೆ ಮದ್ಯಸಾರದಲ್ಲಿಡುತ್ತಿದ್ದರು. ಫ್ರಾಂಕ್‌ಫರ್ಟ್ ನಗರದ ವೈದ್ಯ ಫರ್ಡಿನಾಂಡ್ ಬ್ಲೂಮನು ಫಾರ್ಮಾಲ್ಡಿಹೈಡಿನ ಕ್ರಿಮಿನಾಶಕ ಶಕ್ತಿಯನ್ನು ಪರೀಕ್ಷಿಸುತ್ತಿರಲು, ದ್ರಾವಣ ತಗುಲಿದ ತನ್ನ ಬೆರಳುಗಳ ಚರ್ಮವು ಗಡುಸಾದುದನ್ನು ಕಂಡನು. ಮದ್ಯಸಾರದ ಕೆಲಸವನ್ನು ಇದೂ ಮಾಡಬಲ್ಲುದೆಂದು ಅವನಿಗೆ ಹೊಳೆಯಿತು. 1893ರಲ್ಲಿ ಅದನ್ನು ಪ್ರಕಟಿಸಿದನು. ಹೀಗೆ ಬೆರಳಿನ ನೆಪದಿಂದ ಬಂದ ದ್ರವವೇ ಇಂದಿಗೂ ಆಸ್ಪತ್ರೆಗಳ ಭರಣಿಗಳನ್ನು ತುಂಬಿದೆ.

ಫಾರ್ಮಲಿನ್ನು ಪ್ರೋಟೀನುಗಳನ್ನು ಒಂದಕ್ಕೊಂದು ಹೆಣೆದು, ಗಡ್ಡೆಯು ಕೊಳೆಯದಂತೆ ಕಾಯುತ್ತದೆ. ಕಾಯುತ್ತಲೇ ಅದನ್ನು ತುಸು ಕುಗ್ಗಿಸಲೂಬಹುದು. ಆದರೆ ದೋಷವೆಲ್ಲವನ್ನೂ ಅದರ ತಲೆಗೆ ಕಟ್ಟುವುದು ನ್ಯಾಯವಲ್ಲ. ಚರ್ಮದಿಂದಲೋ ನಾಲಗೆಯಿಂದಲೋ ಕತ್ತರಿಸಿದ ತುಂಡು, ಭರಣಿಯನ್ನು ಸೇರುವ ಮೊದಲೇ, ಹಿಡಿದೆಳೆದ ಬಿಗಿ ತಪ್ಪಿದ ಕೂಡಲೆ ಕಿರಿದಾಗುತ್ತದೆ. ಎಲ್ಲ ಭಾಗಗಳೂ ಸಮನಾಗಿ ಕುಗ್ಗುವುದೂ ಇಲ್ಲ. ಆದುದರಿಂದ ಒಂದೇ ಲೆಕ್ಕದಿಂದ ಎಲ್ಲವನ್ನೂ ಸರಿಪಡಿಸುವಂತಿಲ್ಲ.

ಒಂದೆರಡು ಮಿಲಿಮೀಟರಿಗೆ ಇಷ್ಟು ಮಾತೇಕೆಂದು ಕೇಳುವಿರಾ? ಫ್ರಾನ್ಸಿನ ಪಿಯರ್ ದೆನ್ವಾ 1943ರಿಂದ 1952ರವರೆಗೆ ರೂಪಿಸಿದ ವರ್ಗೀಕರಣವು ಪರಿಷ್ಕಾರಗಳೊಡನೆ ಈಗಲೂ ಬಳಕೆಯಲ್ಲಿದೆ. ಅದರಲ್ಲಿ ಸ್ತನದ ಗಡ್ಡೆಯು 20 ಮಿಲಿಮೀಟರನ್ನು ಮೀರಿದರೆ ಗಾತ್ರದ ಎರಡನೆಯ ವರ್ಗಕ್ಕೆ ಸೇರುತ್ತದೆ. ಹಸಿಯಾಗಿದ್ದಾಗ 21 ಇದ್ದುದು ಮರುದಿನ 19 ಎಂದು ದಾಖಲಾಯಿತೆನ್ನಿ: ರೋಗಿಯ ವರ್ಗ ಬದಲಾಯಿತು, ರೋಗವು ಬದಲಾಗಲಿಲ್ಲ. ಗಡ್ಡೆಯ ಸುತ್ತ ಉಳಿಸಿಕೊಂಡ ನಿರೋಗಿ ಅಂಚಿನ ಗತಿಯೂ ಇದೇ. ಮೇಜಿನ ಮೇಲೆ ಸಾಕಷ್ಟಿದ್ದ ಅಂಚು ಸೂಕ್ಷ್ಮದರ್ಶಕದಡಿ ಸಾಲದೆನಿಸಿ, ಶಸ್ತ್ರವೈದ್ಯನನ್ನು ಸುಮ್ಮನೆ ಅಪರಾಧಿಯಾಗಿಸೀತು. ಆದುದರಿಂದಲೇ ಎಚ್ಚರವುಳ್ಳ ಪರೀಕ್ಷಕನು ಅಂಕಿಯೊಡನೆ, ಅಳೆದುದು ಹಸಿಯಾಗಿಯೋ ಭರಣಿಯಿಂದ ತೆಗೆದ ಮೇಲೆಯೋ ಎಂಬುದನ್ನೂ ಬರೆದಿಡುತ್ತಾನೆ.