ದಾಸೋಹ: ನೀಡುವವನಿಗೆ ದೊರೆಯುವುದೇನು?

ಲಿಂಗಾಯತ ಧರ್ಮಾಚರಣೆಯಲ್ಲಿ ಕಾಯಕದೊಡನೆ ಜೋಡಿಯಾಗಿ ನಿಲ್ಲುವ ತತ್ತ್ವ ದಾಸೋಹ. ಇಂದಿನ ಬಳಕೆಯಲ್ಲಿ ಈ ಪದದ ಅರ್ಥವು ಮಠಮಾನ್ಯಗಳಲ್ಲಿ ನಡೆಯುವ ಪ್ರಸಾದ ವ್ಯವಸ್ಥೆಗೆ ಸಂಕುಚಿತಗೊಂಡಿದೆ. ‘ದಾಸೋಹಕ್ಕೆ ಎಷ್ಟು ಕ್ವಿಂಟಲ್ ಅಕ್ಕಿ ಬೇಕು’ ಎಂದು ಭಕ್ತರು ಕೇಳುವಾಗ ಅವರ ಮನಸ್ಸಿನಲ್ಲಿರುವುದು ಅಡುಗೆಮನೆ ಮತ್ತು ಪಂಕ್ತಿ. ಅದು ತಪ್ಪಲ್ಲ, ಆದರೆ ಪೂರ್ಣವೂ ಅಲ್ಲ. ‘ದಾಸಃ ಅಹಂ’, ಅಂದರೆ ‘ನಾನು ದಾಸನು’ ಎಂಬುದು ಈ ಪದದ ಮೂಲಾರ್ಥ. ‘ಅವನೇ ನಾನು’ ಎಂಬ ‘ಸೋಹಂ’ ಭಾವಕ್ಕೆ ಎದುರಾಗಿ ಶರಣರು ಇದನ್ನು ನಿಲ್ಲಿಸಿದರು. ಆದ್ದರಿಂದ ದಾಸೋಹವೆಂಬುದು ನೀಡುವ ವಸ್ತುವಿನ ಹೆಸರಲ್ಲ, ನೀಡುವವನ ನಿಲುವಿನ ಹೆಸರು.

ಪಡೆಯುವವನಿಗೆ ದಾಸೋಹದಿಂದ ಆಗುವ ಪ್ರಯೋಜನ ಸ್ಪಷ್ಟ: ಹಸಿವು ಹಿಂಗುತ್ತದೆ, ಓದಿಗೆ ಆಸರೆ ದೊರೆಯುತ್ತದೆ. ನೀಡುವವನಿಗೆ ಆಗುವುದೇನು ಎಂಬುದು ಈ ಲೇಖನದ ವಿಷಯ. ಕೊಡುವಾಗ ಲಾಭವನ್ನು ಎಣಿಸುವುದೇ ಅನುಚಿತವೆಂದು ಕೆಲವು ಹಿರಿಯರು ಆಕ್ಷೇಪಿಸುತ್ತಾರೆ. ಅವರ ಸಂಕೋಚವನ್ನು ನಾವು ಗೌರವಿಸುತ್ತೇವೆ. ಆದರೆ ಪ್ರತಿಫಲವನ್ನು ಬಯಸಿ ಕೊಡುವುದು ಬೇರೆ, ಕೊಡುತ್ತ ಬಂದವನ ಬದುಕಿನಲ್ಲಿ ಆಗುವ ಮಾರ್ಪಾಡನ್ನು ಗುರುತಿಸುವುದು ಬೇರೆ. ಎರಡನೆಯದನ್ನು ತಿಳಿಯದಿದ್ದರೆ ಮುಂದಿನ ಪೀಳಿಗೆಗೆ ನಾವು ಈ ಆಚಾರವನ್ನು ಕೇವಲ ಕರ್ತವ್ಯವೆಂದು ಹೇರಿದಂತಾಗುತ್ತದೆ.

ಕರ್ನಾಟಕದ ಶಿಲಾಶಾಸನಗಳಲ್ಲಿ ಬಹುಪಾಲು ದಾನಶಾಸನಗಳೇ. ಅರಸರು, ಅಧಿಕಾರಿಗಳು, ಶ್ರೇಣಿಗಳು ಬಿಟ್ಟ ಭೂಮಿ, ತೆರಿಗೆ, ನಂದಾದೀಪದ ಎಣ್ಣೆ ಇವುಗಳ ವಿವರ ಅಲ್ಲಿದೆ. ದಾನವನ್ನು ಕಾಪಾಡಿದವರಿಗೆ ಪುಣ್ಯ, ಅಳಿದವರಿಗೆ ಪಾಪ ಎಂಬ ಮಾತು ಶಾಸನದ ಕೊನೆಯಲ್ಲಿ ಸಾಮಾನ್ಯ. ದಾನಿಯ ಹೆಸರು ಚಂದ್ರಸೂರ್ಯರಿರುವವರೆಗೆ ಉಳಿಯಬೇಕು, ಫಲವು ಪರಲೋಕದಲ್ಲಿ ದೊರೆಯಬೇಕು. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರು ಈ ಲೆಕ್ಕವನ್ನೇ ಬದಲಾಯಿಸಿದರು. ಉಳ್ಳವನು ಉಳಿದದ್ದನ್ನು ಕೊಡುವುದರ ಸ್ಥಾನದಲ್ಲಿ, ದುಡಿಯುವವನು ದಿನದ ಗಳಿಕೆಯಲ್ಲಿಯೇ ಸಮಾಜದ ಪಾಲನ್ನು ತೆಗೆದಿಡುವ ಪದ್ಧತಿಯನ್ನು ತಂದರು. ಹಗ್ಗ ಹೊಸೆಯುವ ನುಲಿಯ ಚಂದಯ್ಯನವರು, ಸೌದೆ ಮಾರುವ ಮೋಳಿಗೆಯ ಮಾರಯ್ಯನವರು, ಅಕ್ಕಿ ಆಯುವ ಮಾರಯ್ಯ–ಲಕ್ಕಮ್ಮ ದಂಪತಿಗಳು ದಾಸೋಹಿಗಳೆನಿಸಿದ್ದು ಹೀಗೆ. ಇವರಾರೂ ಶಾಸನ ಹಾಕಿಸುವ ಸ್ಥಿತಿಯಲ್ಲಿರಲಿಲ್ಲ.

ಲಕ್ಕಮ್ಮನವರ ಅಳತೆ

ನಿತ್ಯದ ದಾಸೋಹವು ನೀಡುವವನಿಗೆ ಕೊಡುವ ಮೊದಲ ಫಲವನ್ನು ಅರಿಯಲು ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗಕ್ಕಿಂತ ಉತ್ತಮವಾದ ದಾರಿಯಿಲ್ಲ. ಈ ದಂಪತಿಗಳು ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯಿಂದ ಕಲ್ಯಾಣಕ್ಕೆ ಬಂದವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಅದರಿಂದಲೇ ಸಂಸಾರ, ಅದರಿಂದಲೇ ಜಂಗಮದಾಸೋಹ. ಒಂದು ದಿನ ಅವರು ಎಂದಿನ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಮನೆಯೊಳಗೆ ಸೇರಿಸಲಿಲ್ಲ. ಹೆಚ್ಚಾದದ್ದನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದರು.

ಈ ಕಥೆಯನ್ನು ಉಪನ್ಯಾಸಗಳಲ್ಲಿ ಅಪರಿಗ್ರಹದ ಉದಾಹರಣೆಯಾಗಿ ಹೇಳಿ ಮುಗಿಸುವುದುಂಟು. ಆದರೆ ಗಮನಿಸಬೇಕಾದ ಅಂಶ ಇನ್ನೊಂದಿದೆ. ಆ ಹೆಚ್ಚುವರಿ ಅಕ್ಕಿಯನ್ನು ದಾಸೋಹಕ್ಕೇ ಬಳಸಬಹುದಿತ್ತಲ್ಲ? ಇನ್ನೂ ಹತ್ತು ಮಂದಿಗೆ ಉಣಬಡಿಸಬಹುದಿತ್ತಲ್ಲ? ಆ ಸಮಾಧಾನವನ್ನೂ ಲಕ್ಕಮ್ಮನವರು ಒಪ್ಪಲಿಲ್ಲ. ಹೆಚ್ಚು ಕೊಡಬೇಕೆಂಬ ಹೆಸರಿನಲ್ಲಿ ಹೆಚ್ಚು ಕೂಡಿಡುವ ಆಸೆ ಮನೆಯೊಳಗೆ ಬರುತ್ತದೆ ಎಂಬುದನ್ನು ಅವರು ಕಂಡಿದ್ದರು. ದಿನವೂ ಇಷ್ಟೇ ಗಳಿಸಿ, ಇಷ್ಟರಲ್ಲೇ ಕೊಟ್ಟು, ಇಷ್ಟರಲ್ಲೇ ಉಣ್ಣುವ ಮನೆಗೆ ತನ್ನ ಬೇಡಿಕೆಯ ಗಾತ್ರ ತಿಳಿದಿರುತ್ತದೆ. ಅಂಥ ಮನೆಯಲ್ಲಿ ‘ಸಾಲದು’ ಎಂಬ ಮಾತು ಕಡಿಮೆಯಾಗುತ್ತದೆ. ಬಡತನದ ಭಯವು ಬಹುಮಟ್ಟಿಗೆ ಅಳತೆ ತಪ್ಪಿದ ಬಯಕೆಯಿಂದ ಹುಟ್ಟುವಂಥದು. ಆ ಭಯದಿಂದ ಬಿಡುಗಡೆಯೇ ದಾಸೋಹಿಯ ಮೊದಲ ಗಳಿಕೆ ಎಂದು ನಾವು ಭಾವಿಸುತ್ತೇವೆ.

ಈ ಮಾತನ್ನು ಹೇಳಲು ಇಂದಿನ ಕಾರಣವೂ ಇದೆ. ನಮ್ಮ ಹಳ್ಳಿಗಳಲ್ಲಿ ಜಾತ್ರೆಯ ಪ್ರಸಾದ ಸೇವೆಗೆಂದು, ಹಿರಿಯರ ಪುಣ್ಯಸ್ಮರಣೆಯ ದಾಸೋಹಕ್ಕೆಂದು ಕೈಗಡ ಮಾಡುವ, ಬೆಳೆಯ ಮೇಲೆ ಸಾಲ ಎತ್ತುವ ಕುಟುಂಬಗಳಿವೆ. ಪಕ್ಕದ ಮನೆಯವರು ಐದು ಕ್ವಿಂಟಲ್ ಗೋಧಿ ಹುಗ್ಗಿ ಮಾಡಿಸಿದರೆಂದು ತಾವು ಆರು ಕ್ವಿಂಟಲ್ ಮಾಡಿಸುವವರಿದ್ದಾರೆ. ಮುಂದಿನ ವರ್ಷ ಮಗಳ ಕಾಲೇಜಿನ ಶುಲ್ಕಕ್ಕೆ ಅದೇ ಮನೆಯ ಯಜಮಾನರು ಬಡ್ಡಿಯವರ ಬಾಗಿಲಿಗೆ ಹೋಗಬೇಕಾಗುತ್ತದೆ. ಸಾಲದ ಹಣದಿಂದ ಮಾಡಿದ ಸಂತರ್ಪಣೆ ದಾಸೋಹವಲ್ಲ, ಏಕೆಂದರೆ ಅದರ ಹಿಂದೆ ಕಾಯಕವಿಲ್ಲ. ಲಕ್ಕಮ್ಮನವರ ಮುಂದೆ ಆ ಗೋಧಿಯ ಚೀಲವನ್ನು ಇಳಿಸಿದ್ದರೆ ಅವರು ಏನೆನ್ನುತ್ತಿದ್ದರೆಂದು ಊಹಿಸುವುದು ಕಷ್ಟವಲ್ಲ.

ಕೊಡುವವನ ಹೆಮ್ಮೆ

ಎರಡನೆಯ ಫಲ ‘ನಾನು’ ಎಂಬುದರ ಇಳಿಕೆ. ಇದು ತಾನಾಗಿ ಬರುವುದಿಲ್ಲ. ಕೊಡುವ ಕೈ ಮೇಲಿರುತ್ತದೆ, ಪಡೆಯುವ ಕೈ ಕೆಳಗಿರುತ್ತದೆ. ಆದ್ದರಿಂದ ದಾನವು ಹೆಮ್ಮೆಯನ್ನು ಬೆಳೆಸುವುದೇ ಸಹಜ. ಶರಣರ ಕಥನ ಪರಂಪರೆಯಲ್ಲಿ ಸ್ವತಃ ಬಸವಣ್ಣನವರೇ ಈ ಪರೀಕ್ಷೆಗೆ ಒಳಗಾದ ಪ್ರಸಂಗವೊಂದಿದೆ. ಮೋಳಿಗೆಯ ಮಾರಯ್ಯನವರ ಕಡುಬಡತನವನ್ನು ಕಂಡು ಅವರು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಬಸವಣ್ಣನವರು ಹೊನ್ನನ್ನು ಗುಟ್ಟಾಗಿ ಇರಿಸಿ ಬಂದರಂತೆ. ಸಂಜೆ ಸೌದೆ ಮಾರಿ ಬಂದ ಮಾರಯ್ಯನವರು ಆ ಹೊನ್ನನ್ನು ತಮಗಾಗಿ ಮುಟ್ಟದೆ ಜಂಗಮರಿಗೆ ಹಂಚಿಬಿಟ್ಟರು. ತಮ್ಮ ಕಾಯಕವು ಬಡವಾಗಿದೆಯೆಂದು ಬೇರೊಬ್ಬರು ತೀರ್ಮಾನಿಸಿದ್ದು ಅವರಿಗೆ ಒಪ್ಪಿಗೆಯಾಗಲಿಲ್ಲ. ಕೊನೆಗೆ ಬಸವಣ್ಣನವರೇ ಮಾರಯ್ಯನವರ ಕ್ಷಮೆ ಬೇಡಿದರು. ಗುಪ್ತವಾಗಿ ಕೊಟ್ಟದ್ದು, ಪ್ರೀತಿಯಿಂದ ಕೊಟ್ಟದ್ದು. ಆದರೂ ಪಡೆಯುವವರ ಗೌರವವನ್ನು ಕೇಳಿ ಕೊಟ್ಟದ್ದಲ್ಲ. ಈ ಕಥೆಯನ್ನು ಶರಣಪರಂಪರೆ ಮುಚ್ಚಿಡದೆ ಉಳಿಸಿಕೊಂಡು ಬಂದಿರುವುದು ನಮಗೆ ಅಭಿಮಾನದ ಸಂಗತಿ.

ಇಂದು ಗುಡಿ, ಸಮುದಾಯ ಭವನಗಳಿಗೆ ಹೋದರೆ ಫ್ಯಾನಿನ ರೆಕ್ಕೆಗಳ ಮೇಲೂ ದಾನಿಗಳ ಹೆಸರು ತಿರುಗುತ್ತಿರುತ್ತದೆ. ರಸೀದಿ ಬೇಕು, ಲೆಕ್ಕಪತ್ರ ಬೇಕು. ಸಂಸ್ಥೆ ನಡೆಸುವವರಾಗಿ ಅದನ್ನು ನಾವು ಬಲ್ಲೆವು. ಆದರೆ ಹೆಸರಿಗಾಗಿ ಕೊಟ್ಟವರು ಫಲಕದಲ್ಲಿ ಒಂದಕ್ಷರ ತಪ್ಪಿದರೆ ನೊಂದುಕೊಳ್ಳುತ್ತಾರೆ. ಪಂಕ್ತಿಯಲ್ಲಿ ಸಾರು ಬಡಿಸಿ, ಉಂಡ ತಟ್ಟೆ ತೊಳೆದು ಹೋದವರು ಹಾಗೆ ನೊಂದುಕೊಂಡದ್ದನ್ನು ನಾವು ಕಂಡಿಲ್ಲ. ತನು, ಮನ, ಧನ ಎಂದು ಶರಣರು ಹೇಳುವಾಗ ತನುವನ್ನು ಮೊದಲಿಗೆ ಇರಿಸಿದ್ದರ ಅರ್ಥ ಇಲ್ಲಿ ತಿಳಿಯುತ್ತದೆ. ಹಣವನ್ನು ದೂರದಿಂದ ಕಳುಹಿಸಬಹುದು, ಮೈಯನ್ನು ಕಳುಹಿಸಲಾಗದು.

ವಿಜ್ಞಾನದ ಅಧ್ಯಯನಗಳು

ಕೊಡುವವರ ನೆಮ್ಮದಿಯ ಕುರಿತು ಮನಃಶಾಸ್ತ್ರಜ್ಞರೂ ಅಧ್ಯಯನ ನಡೆಸಿದ್ದಾರೆ. 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಎಲಿಜಬೆತ್ ಡನ್, ಲಾರಾ ಆಕ್ನಿನ್ ಮತ್ತು ಮೈಕೆಲ್ ನಾರ್ಟನ್ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾದದ್ದು. ಕೆನಡಾದಲ್ಲಿ 46 ಮಂದಿಗೆ ಬೆಳಿಗ್ಗೆ 5 ಅಥವಾ 20 ಡಾಲರ್ ಇರುವ ಲಕೋಟೆಯನ್ನು ಕೊಟ್ಟು, ಸಂಜೆಯೊಳಗೆ ಕೆಲವರು ಅದನ್ನು ತಮಗಾಗಿಯೂ ಕೆಲವರು ಇತರರಿಗಾಗಿಯೂ ವೆಚ್ಚ ಮಾಡಬೇಕೆಂದು ಸೂಚಿಸಲಾಯಿತು. ಇತರರಿಗಾಗಿ ವೆಚ್ಚ ಮಾಡಿದವರು ಸಂಜೆ ಹೆಚ್ಚು ಸಂತೋಷವಾಗಿದ್ದರು. ಮೊತ್ತ ಐದೋ ಇಪ್ಪತ್ತೋ ಎಂಬುದರಿಂದ ವ್ಯತ್ಯಾಸ ಕಾಣಲಿಲ್ಲ. 2003ರಲ್ಲಿ ಸ್ಟೆಫನಿ ಬ್ರೌನ್ ಮತ್ತು ಸಂಗಡಿಗರು ಅಮೆರಿಕದ 423 ವಯೋವೃದ್ಧ ದಂಪತಿಗಳನ್ನು ಐದು ವರ್ಷ ಗಮನಿಸಿದ ಅಧ್ಯಯನವನ್ನು ಪ್ರಕಟಿಸಿದರು. ನೆರೆಹೊರೆ, ಬಂಧುಗಳು, ಬಾಳಸಂಗಾತಿಗೆ ನೆರವು ನೀಡುತ್ತಿದ್ದ ವೃದ್ಧರಲ್ಲಿ ಆ ಅವಧಿಯ ಸಾವಿನ ಪ್ರಮಾಣ ಕಡಿಮೆಯಿತ್ತು; ಕೇವಲ ನೆರವು ಪಡೆಯುವುದರಿಂದ ಅಂಥ ಲಾಭ ಕಾಣಲಿಲ್ಲ.

ಇವುಗಳನ್ನು ಹಿಡಿದು ‘ವಿಜ್ಞಾನವೇ ದಾಸೋಹವನ್ನು ಸಾಬೀತುಪಡಿಸಿದೆ’ ಎಂದು ವೇದಿಕೆಗಳಲ್ಲಿ ಸಾರುವುದು ನಮಗೆ ಒಪ್ಪಿಗೆಯಿಲ್ಲ. ಆರೋಗ್ಯವಂತರಿಗೇ ನೆರವು ನೀಡುವ ಶಕ್ತಿ ಇರುತ್ತದೆ ಎಂಬ ಪ್ರಶ್ನೆ ಎರಡನೆಯ ಅಧ್ಯಯನಕ್ಕೆ ಎದುರಾಗುತ್ತದೆ. ಸಂಶೋಧಕರು ಆರೋಗ್ಯದ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರೂ ಪ್ರಶ್ನೆ ಪೂರ್ತಿ ಅಳಿಯುವುದಿಲ್ಲ. ಕೊಡುವುದರಿಂದ ಬರುವ ಸಂತೋಷದ ಪ್ರಮಾಣ ಸಾಧಾರಣವಾದದ್ದೆಂದೂ, ಸ್ವಂತ ಇಚ್ಛೆಯಿಂದ ಕೊಟ್ಟಾಗ, ಪಡೆದವರೊಡನೆ ಸಂಬಂಧವಿದ್ದಾಗ, ಕೊಟ್ಟದ್ದರ ಪರಿಣಾಮ ಕಣ್ಣಿಗೆ ಕಂಡಾಗ ಅದು ಹೆಚ್ಚುತ್ತದೆಂದೂ ಅನಂತರದ ಸಂಶೋಧನೆಗಳು ಸೂಚಿಸುತ್ತವೆ. ಈ ಮೂರು ಷರತ್ತುಗಳನ್ನು ಓದುವಾಗ ನಮಗೆ ಪಂಕ್ತಿಯ ದಾಸೋಹವೇ ನೆನಪಾಗುತ್ತದೆ.

ವೃದ್ಧರ ವಿಷಯವಾಗಿ ಒಂದು ಮಾತನ್ನು ಸೇರಿಸಬೇಕು. ಮಕ್ಕಳು ಬೆಂಗಳೂರು, ಪುಣೆ, ಹೊರದೇಶಗಳಲ್ಲಿ ನೆಲೆಸಿರುವ ಮನೆಗಳಲ್ಲಿ ತಂದೆತಾಯಿಗಳಿಗೆ ಹಣದ ಕೊರತೆಗಿಂತ ತಮ್ಮ ಅಗತ್ಯವಿರುವವರ ಕೊರತೆ ದೊಡ್ಡದು. ತಿಂಗಳಿಗೆ ಹಣ ಕಳುಹಿಸುವ ಮಕ್ಕಳು ಅವರ ಕೈಯಿಂದ ಕೊಡುವ ಅವಕಾಶವನ್ನೂ ಉಳಿಸಬೇಕು. ಮುಂಜಾನೆ ಪ್ರಸಾದನಿಲಯದ ಮಕ್ಕಳಿಗಾಗಿ ತರಕಾರಿ ಹೆಚ್ಚಲು ಬರುವ ಅಜ್ಜಿಯಂದಿರು ನಮ್ಮಲ್ಲಿದ್ದಾರೆ. ಅವರು ಬರದ ದಿನ ಮಕ್ಕಳು ವಿಚಾರಿಸುತ್ತಾರೆ. ವಿಚಾರಿಸಿಕೊಳ್ಳಲ್ಪಡುವುದು ಅವರಿಗೆ ದೊರೆಯುವ ಫಲ.

ನಾಡಿನ ಕೆಲವು ಉದಾಹರಣೆಗಳು

ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು ಜಾತಿಭೇದವಿಲ್ಲದೆ ಉಂಡು, ಉಳಿದು, ಓದುವ ವ್ಯವಸ್ಥೆಯನ್ನು ನಾಡು ಬಲ್ಲದು. 2019ರ ಜನವರಿ 21ರಂದು ಲಿಂಗೈಕ್ಯರಾದ ಪೂಜ್ಯ ಡಾ. ಶಿವಕುಮಾರ ಮಹಾಸ್ವಾಮಿಗಳು ದಶಕಗಳ ಕಾಲ ಅದನ್ನು ನಡೆಸಿದರು. ಸುತ್ತಲಿನ ರೈತರು ಸುಗ್ಗಿಯಲ್ಲಿ ತಂದೊಪ್ಪಿಸುವ ರಾಗಿಯೂ, ಅಲ್ಲಿ ಉಂಡು ಬೆಳೆದವರು ಮುಂದೆ ಸಲ್ಲಿಸುವ ಸೇವೆಯೂ ಅದಕ್ಕೆ ಆಧಾರ. ಒಮ್ಮೆ ಪಡೆದವರೇ ಮುಂದೆ ನೀಡುವವರಾಗುವ ಈ ಸುತ್ತು ಪಡೆದದ್ದರ ಭಾರವನ್ನು ಇಳಿಸುತ್ತದೆ. ಕಲಬುರಗಿಯ ಮಹಾದಾಸೋಹಿ ಶರಣಬಸವೇಶ್ವರರು ಹೊಲದ ತೆನೆಗೆ ಬಂದ ಹಕ್ಕಿಗಳನ್ನು ಓಡಿಸದೆ ಅವುಗಳಿಗೆ ನೀರನ್ನೂ ಇರಿಸುತ್ತಿದ್ದರೆಂದು ಆ ಭಾಗದ ಮಕ್ಕಳೂ ಹೇಳುತ್ತಾರೆ.

ಇಳಕಲ್ಲಿನ ಪೂಜ್ಯ ಡಾ. ಮಹಾಂತ ಸ್ವಾಮಿಗಳ ಜೋಳಿಗೆ ಇನ್ನೊಂದು ಬಗೆಯದು. ಅವರು ಊರೂರು ತಿರುಗಿ ಕಾಳು ಕಾಸನ್ನಲ್ಲ, ಕುಡಿತ, ತಂಬಾಕು ಮುಂತಾದ ದುಶ್ಚಟಗಳನ್ನು ಭಿಕ್ಷೆಯಾಗಿ ಹಾಕಿರೆಂದು ಬೇಡಿದರು. ಕೊಟ್ಟವನೇ ಪೂರ್ತಿ ಲಾಭ ಪಡೆಯುವ ಭಿಕ್ಷೆ ಅದು. ಅವನ ಹೆಂಡತಿ ಮಕ್ಕಳೂ ಅದರಲ್ಲಿ ಪಾಲುದಾರರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತದೆ.

ಮನೆಯಲ್ಲಿ ಆಚರಿಸುವ ಬಗೆ

ನಿತ್ಯ ದಾಸೋಹಕ್ಕೆ ಹೇಗೆ ತೊಡಗಬೇಕೆಂದು ಕೇಳುವ ಭಕ್ತರಿಗೆ ನಾವು ಹಳೆಯ ಮುಷ್ಟಿಧಾನ್ಯದ ಪದ್ಧತಿಯನ್ನೇ ಹೇಳುತ್ತೇವೆ. ಅಡುಗೆಗೆ ಅಕ್ಕಿಯನ್ನೋ ಜೋಳದ ಹಿಟ್ಟನ್ನೋ ತೆಗೆಯುವಾಗ ಒಂದು ಹಿಡಿಯನ್ನು ಬೇರೆ ಡಬ್ಬಿಗೆ ಹಾಕಬೇಕು. ಹಾಕುವ ಕೆಲಸವನ್ನು ಮನೆಯ ಕಿರಿಯ ಮಗುವಿಗೆ ವಹಿಸಿದರೆ ಒಳಿತು. ಮಗುವಿನ ಹಿಡಿ ಚಿಕ್ಕದು ಎಂಬ ಚಿಂತೆ ಬೇಡ. ತಿಂಗಳ ಕೊನೆಗೆ ಅದು ಮಠಕ್ಕೇ ಬರಬೇಕೆಂಬ ನಿಯಮವಿಲ್ಲ. ಹತ್ತಿರದ ಪ್ರಸಾದನಿಲಯಕ್ಕೆ, ಬಾಣಂತಿಯಿರುವ ಬಡಮನೆಗೆ, ಕೆಲಸ ಸಿಗದ ಕೂಲಿಯವರಿಗೆ ತಲುಪಿದರೂ ಸರಿ. ಕೊಡುವ ಮುನ್ನ ‘ನಿಮಗೆ ಇದು ಬೇಕೇ’ ಎಂದು ಕೇಳಿರಿ. ಹಳಸಿದ್ದು, ಹುಳ ಹಿಡಿದದ್ದು, ಹರಿದದ್ದನ್ನು ಕೊಡಬಾರದು. ಸಾಲವಿರುವ ಮನೆಯವರು ಮೊದಲು ಸಾಲ ತೀರಿಸಲಿ. ಅಲ್ಲಿಯವರೆಗೆ ವಾರಕ್ಕೊಮ್ಮೆ ಒಂದು ಗಂಟೆಯ ಸೇವೆಯೇ ಅವರ ದಾಸೋಹ.

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲ ಹಳ್ಳಿಗಳಿಂದ ಜೋಳದ ರೊಟ್ಟಿಗಳು ಟ್ರ್ಯಾಕ್ಟರುಗಳಲ್ಲಿ ಬರುತ್ತವೆ. ಮನೆಗೆ ಹತ್ತು, ಇಪ್ಪತ್ತು, ಐವತ್ತರಂತೆ ತಟ್ಟಿದ ರೊಟ್ಟಿಗಳು ಅಲ್ಲಿ ಲಕ್ಷಗಳ ಲೆಕ್ಕದಲ್ಲಿ ಒಟ್ಟಾಗುತ್ತವೆ. ಒಟ್ಟಿದ ಮೇಲೆ ಯಾವ ರೊಟ್ಟಿ ಯಾರ ಮನೆಯದೆಂದು ತಟ್ಟಿದವರಿಗೂ ಗುರುತು ಸಿಗುವುದಿಲ್ಲ. ಜಾತ್ರೆಗೆ ಹೋದ ಆ ತಾಯಂದಿರು ಪಂಕ್ತಿಯಲ್ಲಿ ಕುಳಿತು ಬೇರೆ ಯಾವುದೋ ಊರಿನವರ ರೊಟ್ಟಿಯನ್ನು ಉಂಡು ಮನೆಗೆ ಮರಳುತ್ತಾರೆ.